ಬಲಗೈ ಕಡೆಯ ಕೆರೆ

ತಾರಾನಾಥ ಮಾಷ್ಟ್ರ ಹತ್ತಿರ ಯಾರೂ ದಾರಿ ಕೇಳುವುದಿಲ್ಲ. ಬೆಳ್ಮಣ್ ಸುತ್ತಮುತ್ತ ಇದು ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ಪೋಸ್ಟಾಫೀಸು ಎಲ್ಲಿ ಎಂದು ಕೇಳಿದ ಪಾಪದವನಿಗೆ ಅವರು ಮೊದಲು ಆ ರಸ್ತೆ ಗದ್ದೆಯ ಬದುವಾಗಿದ್ದಾಗಿನ ಕತೆ ಹೇಳುತ್ತಾರೆ. ಆಮೇಲೆ ಬದುವಿಗೂ ಮೊದಲು ಅಲ್ಲಿ ತೋಡು ಹರಿಯುತ್ತಿದ್ದ ಕಾಲಕ್ಕೆ ಹೋಗುತ್ತಾರೆ. ಅಷ್ಟರಲ್ಲಿ ಪೋಸ್ಟಾಫೀಸಿನ ಬಾಗಿಲು ಹಾಕಿರುತ್ತದೆ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಇವರಿಗೆ ಹಳೆಯ ನಕ್ಷೆ ಬಂತು.

ನಕ್ಷೆ ಬ್ರಿಟಿಷರ ಕಾಲದ್ದು. ಯಾವುದೋ ದೇಶದ ಗ್ರಂಥಾಲಯದವರು ಇಂಟರ್ನೆಟ್ಟಿಗೆ ಹಾಕಿದ್ದನ್ನು ಮಣಿಪಾಲದಲ್ಲಿ ಓದುವ ಅಣ್ಣನ ಮಗಳು ಗಾನವಿ ಇಳಿಸಿ ಕೊಟ್ಟಿದ್ದಳು. ಫೋನಿನಲ್ಲಿ ನಕ್ಷೆ ನೋಡುವುದೆಂದರೆ ಬೀಗದ ತೂತಿನಿಂದ ಮದುವೆ ನೋಡಿದ ಹಾಗೆ ಎಂದು ಮಾಷ್ಟ್ರು ಅದನ್ನು ದೊಡ್ಡದು ಮಾಡಿಸಲು ಹೊರಟರು. ಮಣಿಪಾಲದಲ್ಲಿ ಕಾಗದದ ಮೇಲೆ ಮಾಡಿಕೊಡುತ್ತೇವೆಂದರು. ಕಾಗದ ಈ ಊರಿನ ಹವೆಗೆ ತಡೆಯುವುದಿಲ್ಲವೆಂದು ಮಾಷ್ಟ್ರು ಪರ್ಕಳದ ಫ್ಲೆಕ್ಸ್ ಅಂಗಡಿಗೆ ಹೋದರು. ಅಲ್ಲಿನ ಶ್ರವಣ್ ಕಂಪ್ಯೂಟರಿನಲ್ಲಿ ನಕ್ಷೆಯನ್ನು ಹಿಂದೆ ಮುಂದೆ ಸರಿಸಿ ನೋಡಿದ.

"ಕೆಳಗೆ ಜಾಗ ಖಾಲಿ ಉಂಟು ಸರ್. ಶುಭ ಕೋರುವವರ ಫೋಟೋ ಹಾಕ್ಲಾ?"

"ಬೇಡ ಮಾರಾಯ. ಇದು ನಕ್ಷೆ."

"ಹಾಗಾದ್ರೆ ಎರಡು ದೀಪ ಹಾಕ್ತೇನೆ. ಖಾಲಿ ಬಿಟ್ರೆ ಚಂದ ಕಾಣುವುದಿಲ್ಲ."

ಹೀಗೆ ಬ್ರಿಟಿಷರ ನಕ್ಷೆಯ ಎರಡು ಮೂಲೆಗಳಲ್ಲಿ ಎರಡು ಹಿತ್ತಾಳೆ ದೀಪಗಳು ಉರಿಯತೊಡಗಿದವು. ಮಾಷ್ಟ್ರು ಮನೆಗೆ ತಂದು ಚಾವಡಿಯಲ್ಲಿ ಬಿಡಿಸಿದಾಗ ಹೆಂಡತಿ ವೇದಾವತಿ ಅಡಿಗೆಮನೆಯಿಂದ ಬಂದು ಒಂದು ಸಲ ನೋಡಿದರು.

"ಯಾರದ್ದು ಉತ್ತರಕ್ರಿಯೆ?" ಎಂದು ಕೇಳಿ ಒಳಗೆ ಹೋದರು.

ಬೆಳ್ಮಣ್ ಹತ್ತಿರದ ಕುಕ್ಕುದಡಿ ಬಸ್ ಸ್ಟಾಪಿನಲ್ಲಿ ಉಸ್ಮಾನನ ಜೀನಸು ಅಂಗಡಿ. ಗಲ್ಫಿನ ದಮಾಮಿನಲ್ಲಿ ದುಡಿದು ಬಂದು, ಅಗ್ಗಕ್ಕೆ ಸಿಕ್ಕಿತೆಂದು ಜಾಗ ತೆಗೆದುಕೊಂಡು ಕಟ್ಟಿಸಿದ್ದು. ಅಗ್ಗ ಯಾಕೆಂದು ಮೊದಲ ಮಳೆಗಾಲದಲ್ಲೇ ಗೊತ್ತಾಯಿತು. ಜೂನ್ ಬಂತೆಂದರೆ ನೆಲದಿಂದ ನೀರು ಒಸರಿ ಅಕ್ಕಿಮೂಟೆಗಳನ್ನೆಲ್ಲ ಹಲಗೆಯ ಮೇಲೆ ಏರಿಸಬೇಕು. "ಮೇಲಿಂದ ಸೋರುವ ಅಂಗಡಿ ಬೇಕಾದಷ್ಟು ನೋಡಿದ್ದೇನೆ ಮಾರಾಯ್ರೇ, ಕೆಳಗಿಂದ ಸೋರುವುದು ನನ್ನದೊಂದೇ" ಎಂದು ಅವನು ಹೇಳಿಕೊಳ್ಳದ ಗಿರಾಕಿಯಿಲ್ಲ. ಅಂಗಡಿಯ ಎದುರಿಗೇ ಬಸ್ಸಿಗೆ ಕಾಯುವವರಿಗೆಂದು ಕೆಂಪು ಕಲ್ಲುಗಳ ಮೇಲೆ ಇಟ್ಟ ಒಂದು ಉದ್ದನೆಯ ಚಪ್ಪಡಿ. ಅವನ ತಾಯಿ ರಾಬಿಯಮ್ಮ ಸಂಜೆ ಅಂಗಡಿಗೆ ಬಂದರೆ ಕೂರುವುದು ಅಲ್ಲೇ.

ಫ್ಲೆಕ್ಸಿನ ಸುದ್ದಿ ಕೇಳಿದ ಉಸ್ಮಾನ್ ಒಂದು ದಿನ ಮಾಷ್ಟ್ರನ್ನು ಅಂಗಡಿಯ ಒಳಗೆ ಕರೆದು ಸ್ಟೂಲು ಹಾಕಿದ. ಅವನು ಸ್ಟೂಲು ಹಾಕುವುದು ಬಹಳ ಅಪರೂಪ.

"ಮಾಷ್ಟ್ರೇ, ನಿಮ್ಮ ಮ್ಯಾಪಿನಲ್ಲಿ ಹಳೇ ಕಾಲುದಾರಿ ಎಲ್ಲ ಉಂಟಾ?"

"ಉಂಟು. ಕಾಪುವಿನಿಂದ ಶಿರ್ವಕ್ಕಾಗಿ ಕಾರ್ಕಳಕ್ಕೆ ಹೋಗುವ ದಾರಿ ಚುಕ್ಕಿ ಚುಕ್ಕಿಯಾಗಿ ಉಂಟು. ಎಂತಕ್ಕೆ?"

"ಉಮ್ಮನಿಗೆ ಒಂದು ಜಾಗ ನೋಡ್ಬೇಕಂತೆ. ನೀವೇ ಮಾತಾಡಿ. ನನಗೆ ಮ್ಯಾಪು ಎಲ್ಲ ತಲೆಗೆ ಹೋಗುವುದಿಲ್ಲ."

ರಾಬಿಯಮ್ಮ ಹೇಳಿದ್ದು ಇಷ್ಟು. ಅವರ ಅಪ್ಪ ಮೋನಬ್ಬ ಕಾಪುವಿನವರು. ಕಡಲ ಕರೆಯಲ್ಲಿ ಒಣಮೀನು ಕಟ್ಟಿಕೊಂಡು ತಲೆಹೊರೆಯಲ್ಲಿ ಕಾರ್ಕಳಕ್ಕೆ ನಡೆದು ಮಾರುವುದು ಅವರ ಕಸುಬು. ಆಗ ದಾರಿಯುದ್ದಕ್ಕೂ ಅಲ್ಲಲ್ಲಿ ಹೊರೆಕಲ್ಲುಗಳಿದ್ದವು. ಎರಡು ಕಂಬ ನಿಲ್ಲಿಸಿ ಮೇಲೊಂದು ಚಪ್ಪಡಿ ಹಾಸಿದ್ದು, ಆಳಿನ ಎದೆಯೆತ್ತರಕ್ಕೆ. ಒಬ್ಬನೇ ನಡೆಯುವವನು ಇನ್ನೊಬ್ಬರ ಕೈ ಇಲ್ಲದೆ ಹೊರೆ ಇಳಿಸಬಹುದು, ತಿರುಗಿ ತಲೆಗೇರಿಸಬಹುದು. ಅಂಥ ಒಂದು ಕಲ್ಲಿನ ಮೇಲೆ ಮೋನಬ್ಬ ಹೊರೆ ಇಟ್ಟು, ಪಕ್ಕದ ಕೆರೆಯಲ್ಲಿ ಕೈಕಾಲು ಮುಖ ತೊಳೆದು, ಕಲ್ಲಿನ ಬುಡದಲ್ಲಿ ನಮಾಜಿಗೆ ನಿಂತರು. ಹಣೆ ನೆಲಕ್ಕೆ ಇಟ್ಟವರು ಮತ್ತೆ ಏಳಲಿಲ್ಲ. ಹತ್ತಿರದ ಮಸೀದಿಯವರು ದಫನ ಮಾಡಿದರು. ಮರುದಿನ ಯಾರೋ ಪುಣ್ಯಾತ್ಮರು ಆ ಹೊರೆಯನ್ನು ಕಾಪುವಿನ ಮನೆಗೆ ಮುಟ್ಟಿಸಿ, ಅಂಗಳದಲ್ಲೇ ನಿಂತು ವಿಷಯ ಹೇಳಿ, ನೀರು ಕೂಡ ಕುಡಿಯದೆ ಹೋದರು. ರಾಬಿಯಮ್ಮ ಆಗ ಇನ್ನೂ ಹಲ್ಲು ಬಿದ್ದು ಹುಟ್ಟುವ ಹುಡುಗಿ.

"ರಾತ್ರಿಯಿಡೀ ಹೊರೆ ಕಲ್ಲಿನ ಮೇಲೇ ಇತ್ತಂತೆ ಮಾಷ್ಟ್ರೇ. ಒಂದು ಮೀನು ಕಡಿಮೆ ಆಗ್ಲಿಲ್ಲ. ಹೊರೆಕಲ್ಲಿನ ಮೇಲೆ ಇದ್ದದ್ದನ್ನು ಬೇರೆಯವರು ಮುಟ್ಟುವ ಕ್ರಮ ಇಲ್ಲ."

ಮನುಷ್ಯರು ಮುಟ್ಟಲಿಲ್ಲವೆಂದರೆ ಒಪ್ಪೋಣ, ಊರಿನ ಬೆಕ್ಕುಗಳಿಗೆ ಈ ಕ್ರಮ ಯಾರು ಹೇಳಿಕೊಟ್ಟದ್ದು ಎಂದು ಮಾಷ್ಟ್ರಿಗೆ ಅನಿಸಿತು.

"ಬೆಳ್ಮಣ್ ಕಡೆ ಅಂತ ಮಾತ್ರ ಗೊತ್ತು. ಅದಕ್ಕೇ ಈ ಕಡೆಯ ಸಂಬಂಧ ಬಂದಾಗ ಬೇಡ ಅನ್ಲಿಲ್ಲ ನಾನು. ಇಲ್ಲಿಗೆ ಬಂದು ಕೇಳಿದರೆ ಮಸೀದಿಯಲ್ಲೂ ಯಾರಿಗೂ ನೆನಪಿಲ್ಲ. ಬಸ್ಸು ಬಂದ ಮೇಲೆ ದಾರಿಯೂ ಹೋಯ್ತು, ಕಲ್ಲೂ ಹೋಯ್ತು. ಈಗ ಕಣ್ಣೂ ಹೋಗ್ತಾ ಉಂಟು. ಪೂರ್ತಿ ಹೋಗುವ ಮೊದಲು ಬಾಪ ನಿಂತ ಜಾಗ ಒಮ್ಮೆ ನೋಡ್ಬೇಕು ಮಾಷ್ಟ್ರೇ. ಬೇರೆ ಎಂತದೂ ಬೇಡ ನನಗೆ."

"ಗುರುತು ಎಂತದಾದ್ರೂ ಉಂಟಾ ರಾಬಿಯಮ್ಮ?"

"ನಮಾಜಿಗೆ ನಿಂತಾಗ ಕೆರೆ ಬಲಗೈ ಕಡೆ ಇತ್ತಂತೆ. ಹೊರೆ ತಂದವರು ಹೇಳಿದ್ದು."

ಮಾಷ್ಟ್ರಿಗೆ ಇಷ್ಟು ಸಾಕಿತ್ತು. ಮನೆಗೆ ಬಂದು ಚಾವಡಿಯಲ್ಲಿ ಫ್ಲೆಕ್ಸ್ ಹಾಸಿದರು. ಚುಕ್ಕಿ ದಾರಿಯ ಪಕ್ಕದಲ್ಲಿ, ಬೆಳ್ಮಣ್ ಹತ್ತಿರ, ಕೆರೆಗಳಿದ್ದದ್ದು ಎರಡೇ. ಒಂದು ದಾರಿಯ ತೆಂಕಿಗೆ, ಇನ್ನೊಂದು ಅಲ್ಲಿಂದ ಮೈಲಿ ದೂರದಲ್ಲಿ ದಾರಿಯ ಬಡಗಿಗೆ. ಮಾಷ್ಟ್ರು ಎದ್ದು ನಿಂತರು. ದಿನಾ ಬೆಳಿಗ್ಗೆ ಮಿಂದು ನಿಲ್ಲುವ ಹಾಗೆಯೇ ಮೂಡಿಗೆ ಮುಖ ಮಾಡಿ ಕೈ ಮುಗಿದರು. ಆಮೇಲೆ ಬಲಗೈ ಚಾಚಿದರು.

"ತೆಂಕು" ಎಂದರು. ಕೆಂಪು ಪೆನ್ನಿನಲ್ಲಿ ತೆಂಕಿನ ಕೆರೆಗೆ ಸುತ್ತು ಹಾಕಿದರು.

ಮುಂದಿನ ಭಾನುವಾರದಿಂದ ಹುಡುಕಾಟ ಶುರು. ಮಾಷ್ಟ್ರ ಕಂಕುಳಲ್ಲಿ ಸುರುಳಿ ಸುತ್ತಿದ ಫ್ಲೆಕ್ಸ್, ಹಿಂದೆ ಬಾಳೆಹಣ್ಣು ಮತ್ತು ನೀರಿನ ಬಾಟಲಿ ಹಿಡಿದ ಉಸ್ಮಾನ್. ಚುಕ್ಕಿ ದಾರಿ ಹೋದಲ್ಲೇ ಹೋಗಬೇಕೆಂಬುದು ಮಾಷ್ಟ್ರ ಹಟ. ಆದರೆ ಚುಕ್ಕಿ ಇಟ್ಟ ಬ್ರಿಟಿಷನಿಗೆ ಮುಂದೆ ಇಲ್ಲಿ ಜನ ಮನೆ ಕಟ್ಟುತ್ತಾರೆಂಬ ಅಂದಾಜಿರಲಿಲ್ಲ. ದಾರಿ ಒಂದು ಕೊಟ್ಟಿಗೆಯೊಳಗೆ ಹೊಕ್ಕು ಸೆಗಣಿಗುಂಡಿಯಲ್ಲಿ ಹೊರಟಿತು. ಡೈನಾಬಾಯಿಯ ಹಿತ್ತಿಲಿನಲ್ಲಿ ನೇರ ಬಚ್ಚಲಿಗೇ ಹೋಯಿತು.

"ನಿಮ್ಮ ಬಚ್ಚಲ ಒಳಗಿಂದ ಒಂದು ದಾರಿ ಉಂಟು" ಎಂದರು ಮಾಷ್ಟ್ರು ಗಂಭೀರವಾಗಿ.

ಡೈನಾಬಾಯಿ ಉಸ್ಮಾನನ ಮುಖ ನೋಡಿದಳು. ಅವನು ಬಾಳೆಹಣ್ಣು ನೋಡಿದ.

"ಸ್ವಲ್ಪ ತಡೀರಿ ಸರ್. ಈಗ ನಮ್ಮವರು ಸ್ನಾನಕ್ಕೆ ಹೋಗಿದ್ದಾರೆ."

ತಡೆದರು. ಆ ಪುಣ್ಯಾತ್ಮ ತಲೆ ಒರೆಸಿಕೊಂಡು ಹೊರಗೆ ಬಂದಾಗ ಬಾಗಿಲಲ್ಲಿ ಇಬ್ಬರು ನಕ್ಷೆ ಹಿಡಿದು ನಿಂತಿದ್ದರು. ಅವನು ಏನೂ ಕೇಳದೆ ದಾರಿ ಬಿಟ್ಟ.

ಹೀಗೆ ಕೆಲವು ಭಾನುವಾರಗಳು ಕಳೆದು ತೆಂಕಿನ ಕೆರೆ ಸಿಕ್ಕಿತು. ಧರ್ಮಪಾಲನ ಕೋಳಿ ಫಾರ್ಮಿನ ಹಿಂದೆ, ಅರ್ಧ ಹೂಳು, ಅರ್ಧ ಅಂತರಗಂಗೆ. ಅದರ ಪಕ್ಕದಲ್ಲಿ ಕೋಳಿ ಆಹಾರದ ಚೀಲಗಳನ್ನು ಪೇರಿಸಿದ್ದ ಒಂದು ಕಲ್ಲು ಚಪ್ಪಡಿಯೂ ಸಿಕ್ಕಿತು. ಕಂಬಗಳಿರಲಿಲ್ಲ. ಅದು ಎಲ್ಲಿಂದ ಬಂತೆಂದು ಧರ್ಮಪಾಲನಿಗೆ ಗೊತ್ತಿರಲಿಲ್ಲ, ಆದರೆ ಗೊತ್ತುಮಾಡಿಕೊಳ್ಳಲು ಅವನು ತಯಾರಿದ್ದ.

"ಹೊರೆಕಲ್ಲೇ ಇರ್ಬೇಕು ಸರ್. ನೋಡುವಾಗಲೇ ಹಾಗೆ ಕಾಣ್ತದೆ. ಇಲ್ಲಿ ಬೋರ್ಡು ಹಾಕ್ಲಿಕ್ಕುಂಟಾ?"

"ಕೆರೆ ಉಂಟು, ಕಲ್ಲು ಉಂಟು, ದಾರಿ ಉಂಟು. ಇನ್ನೆಂತ ಬೇಕು?" ಎಂದರು ಮಾಷ್ಟ್ರು. ಅವರ ಕಣ್ಣಲ್ಲಿ ನೀರಾಡಿತು. ಜೀವಮಾನವೆಲ್ಲ ಮಕ್ಕಳಿಗೆ ಬ್ರೆಜಿಲ್ ತೋರಿಸಿದ ಮನುಷ್ಯ, ಕೊನೆಗೊಮ್ಮೆ ಯಾರಿಗಾದರೂ ಬೇಕಾದ ಒಂದು ಜಾಗ ತೋರಿಸುವವರಿದ್ದರು.

ರಾಬಿಯಮ್ಮನನ್ನು ರಿಕ್ಷಾದಲ್ಲಿ ಕರೆತಂದರು. ಧರ್ಮಪಾಲ ಚೀಲಗಳನ್ನು ತೆಗೆಸಿ ಕಲ್ಲು ತೊಳೆಸಿದ್ದ. ಆಕೆ ಚಪ್ಪಡಿಯ ಮೇಲೆ ಕೈ ಆಡಿಸಿದರು, ಕೆರೆಯ ಕಡೆಗೆ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಉಸ್ಮಾನ್ ಕೊಡದಲ್ಲಿ ತಂದ ನೀರಿನಲ್ಲಿ ಕೈಕಾಲು ಮುಖ ತೊಳೆದರು. ಮೊಣಕಾಲು ಮಡಚಲು ಆಗುವುದಿಲ್ಲವೆಂದು ಧರ್ಮಪಾಲ ಪ್ಲಾಸ್ಟಿಕ್ ಕುರ್ಚಿ ತಂದ. ಅದನ್ನು ಎಲ್ಲಿಡಬೇಕು, ಯಾವ ಕಡೆಗೆ ತಿರುಗಿಸಬೇಕು ಎಂದು ಆಕೆಯೇ ಕೈಯಲ್ಲಿ ತೋರಿಸಿ ಕುಳಿತು ನಮಾಜು ಶುರುಮಾಡಿದರು. ಉಸ್ಮಾನ್ ದೂರದಲ್ಲಿ ರಿಕ್ಷಾದವನನ್ನು ಹಾರ್ನ್ ಮಾಡಬೇಡವೆಂದು ಬೈಯುತ್ತಿದ್ದ.

ಮಾಷ್ಟ್ರು ಮಾತ್ರ ನೋಡುತ್ತಿದ್ದರು. ರಾಬಿಯಮ್ಮನ ಮುಖ ಪಡುವಿಗಿತ್ತು. ಕೆರೆ ಎಡಗೈ ಕಡೆ ಇತ್ತು.

ಮೆಕ್ಕಾ ಎಲ್ಲಿದೆ ಎಂದು ಪ್ರತಿ ವರ್ಷವೂ ಬೋರ್ಡಿನ ಮೇಲೆ ಕೋಲಿಟ್ಟು ತೋರಿಸಿದವರು ಅವರು, ಅರಬ್ಬಿ ಸಮುದ್ರದ ಆಚೆ, ಪಶ್ಚಿಮಕ್ಕೆ. ತೋರಿಸಲಾರದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು. ಮೋನಬ್ಬನನ್ನು ಮಾತ್ರ ಇಷ್ಟು ದಿನವೂ ತನ್ನ ಹಾಗೆ ಸೂರ್ಯನಿಗೆ ಮುಖ ಮಾಡಿ ನಿಲ್ಲಿಸಿಬಿಟ್ಟಿದ್ದರು. ಪಾಪ, ಸತ್ತ ಮನುಷ್ಯ ತಿರುಗಿ ನಿಲ್ಲುವುದಾದರೂ ಹೇಗೆ?

ರಾಬಿಯಮ್ಮ ನಮಾಜು ಮುಗಿಸಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಮಾಷ್ಟ್ರ ಕೈ ಹಿಡಿದು, "ನಿಮಗೆ ತುಂಬ ಕಷ್ಟ ಆಯ್ತು ಮಾಷ್ಟ್ರೇ. ಅಲ್ಲಾಹು ನಿಮ್ಮನ್ನು ಚೆನ್ನಾಗಿ ಇಡ್ಲಿ" ಎಂದರು. ಉಸ್ಮಾನ್ ಅತ್ತ ತಿರುಗಿ ಮೂಗು ಸೀಟಿದ. ಮಾಷ್ಟ್ರು, "ಅಯ್ಯೋ, ಎಂತ ಕಷ್ಟ, ಎಂತದೂ ಇಲ್ಲ" ಎಂದರು. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು.

ಅವತ್ತು ಮನೆಗೆ ಬಂದು ಊಟ ಬೇಡವೆಂದರು. ವೇದಾವತಿ ಬಟ್ಟಲು ಇಟ್ಟುಕೊಂಡೇ ಕಾದರು. ಮಾಷ್ಟ್ರು ಎಲ್ಲ ಹೇಳಿ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ.

"ಹಾಗಾದ್ರೆ ಬಲಗಡೆಯ ಕೆರೆ ಎಲ್ಲಿ?"

ಮಾಷ್ಟ್ರು ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ತಪ್ಪು ಮಾಡಿದ್ದರ ದುಃಖದಲ್ಲಿ ಸರಿ ಯಾವುದೆಂದು ನೋಡುವುದು ಬಿಟ್ಟುಹೋಗಿತ್ತು. ಫ್ಲೆಕ್ಸ್ ಬಿಡಿಸಿದರು. ಬಡಗಿನ ಕೆರೆಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಫೋನಿನ ನಕ್ಷೆ ತೆರೆದು, ತೋಡಿನ ತಿರುವು ಲೆಕ್ಕ ಹಿಡಿದು, ಅಳತೆ ಪಟ್ಟಿ ಇಟ್ಟು ಎಳೆದರು. ಬೆರಳು ಬಂದು ನಿಂತಲ್ಲಿ ಇವತ್ತು ಕೆರೆಯಿರಲಿಲ್ಲ. ಕುಕ್ಕುದಡಿ ಬಸ್ ಸ್ಟಾಪಿತ್ತು. ಕೆರೆಯ ಗುರುತು ಸರಿಯಾಗಿ ಉಸ್ಮಾನನ ಅಂಗಡಿಯ ಮೇಲೆ ಕೂತಿತ್ತು.

"ಅದಕ್ಕೇ ಅವನದ್ದು ಕೆಳಗಿಂದ ಸೋರುವುದು" ಎಂದರು ವೇದಾವತಿ. "ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೀರಿ."

ಮರುದಿನ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದವರು ಒಂದು ದೃಶ್ಯ ಕಂಡರು. ನಿವೃತ್ತ ಮಾಷ್ಟ್ರೊಬ್ಬರು ಕಂಕುಳಿನ ಫ್ಲೆಕ್ಸನ್ನು ಉಸ್ಮಾನನ ಅಂಗಡಿಯ ಗೋಡೆಗೆ ಒರಗಿಸಿ, ಎಲ್ಲರನ್ನೂ ಎಬ್ಬಿಸಿ, ಪಂಚೆ ಎತ್ತಿ ಕಟ್ಟಿ, ಚಪ್ಪಡಿಯ ಅಡಿಗೆ ತಲೆ ತೂರಿಸಿ ಅಂಗಾತ ಮಲಗಿದರು. ಮೊಬೈಲಿನ ಟಾರ್ಚ್ ಹಾಕಿದರು. ಚಪ್ಪಡಿಯ ಹೊಟ್ಟೆಯಲ್ಲಿ ಎರಡೂ ತುದಿಗೆ ಒಂದೊಂದು ಚೌಕ ಕುಳಿ, ಕಂಬದ ತಲೆ ಕೂರಿಸಲು ಕೊರೆದದ್ದು. ಧರ್ಮಪಾಲನ ಕಲ್ಲಿಗೆ ಇಂಥ ಕುಳಿ ಇತ್ತೋ ಇಲ್ಲವೋ. ಅಲ್ಲಿ ಬಗ್ಗಿ ನೋಡುವುದಕ್ಕೂ ಯಾರಿಗೂ ಹೊಳೆದಿರಲಿಲ್ಲ. ರಸ್ತೆ ಮಾಡುವಾಗ ಯಾರೋ ಕೆರೆ ಮುಚ್ಚಿ, ಕಂಬ ಕಿತ್ತು, ಚಪ್ಪಡಿಯನ್ನು ದಂಡ ಮಾಡುವುದು ಬೇಡವೆಂದು ಕೂರಲು ಹಾಕಿರಬೇಕು.

"ಬಿದ್ದರಾ ಮಾಷ್ಟ್ರೇ?" ಎಂದು ಉಸ್ಮಾನ್ ಅಂಗಡಿಯಿಂದ ಓಡಿಬಂದ.

"ಬಿದ್ದೆ" ಎಂದರು ಮಾಷ್ಟ್ರು ಕೆಳಗಿನಿಂದಲೇ. "ಉಮ್ಮ ಮನೆಯಲ್ಲಿ ಇದ್ದಾರಾ?"

ರಾಬಿಯಮ್ಮನ ಎದುರು ಕುಳಿತು ಹೇಳುವಷ್ಟರಲ್ಲಿ ಮಾಷ್ಟ್ರಿಗೆ ಬೆವರು ಇಳಿಯಿತು. ಬೆಂಚಿನ ಮೇಲೆ ತಾನು ನಿಲ್ಲಿಸಿದ ಮಕ್ಕಳೆಲ್ಲ ನೆನಪಾದರು. ಮೂಡು ಪಡು ಅದಲು ಬದಲಾದದ್ದು, ಅಲ್ಲಿ ಕೆರೆ ಎಡಕ್ಕೆ ಇದ್ದದ್ದು, ತಾನದನ್ನು ಅಲ್ಲೇ ಕಂಡೂ ಬಾಯಿ ಮುಚ್ಚಿಕೊಂಡದ್ದು, ಎಲ್ಲ ಹೇಳಿದರು. ಉಸ್ಮಾನ್ ಹಣೆ ಚಚ್ಚಿಕೊಂಡ. ರಾಬಿಯಮ್ಮ ತಲೆ ಅಲ್ಲಾಡಿಸಿದರು.

"ನನಗೆ ಗೊತ್ತಿತ್ತು."

"ಎಂತ ಗೊತ್ತಿತ್ತು?"

"ನೀರು ಎಡಗಡೆ ಉಂಟು ಅಂತ. ಕಣ್ಣು ಮಂಜು ಆಗಿದೆ ಮಾಷ್ಟ್ರೇ, ಎಡ ಬಲ ಗೊತ್ತಾಗ್ತದೆ. ಕುರ್ಚಿಯಲ್ಲಿ ಕೂತಾಗಲೇ ಗೊತ್ತಾಯ್ತು ಇದು ಬಾಪನ ಜಾಗ ಅಲ್ಲ ಅಂತ. ಅದಕ್ಕೇ ಅಳು ಬಂದದ್ದು."

"ಮತ್ತೆ ಹೇಳ್ಬಾರದಿತ್ತಾ ಉಮ್ಮ!" ಎಂದು ಉಸ್ಮಾನ್ ಕೂಗಿದ.

"ಹೇಗೆ ಹೇಳುವುದು? ಬಿಸಿಲಿನಲ್ಲಿ ಅಷ್ಟು ದಿನ ಅಲೆದಿದ್ದಾರೆ. ಆ ಕೋಳಿಯವನು ಪಾಪ ಕಲ್ಲು ಬೇರೆ ತೊಳೆಸಿದ್ದ. ಮಾಷ್ಟ್ರಿಗೆ ಬೇಜಾರಾಗ್ಬಾರದು ಅಂತ ಸುಮ್ಮನಾದೆ. ಇನ್ನು ಸಿಗುವುದಿಲ್ಲ, ಇಷ್ಟೇ ನನ್ನ ನಸೀಬು ಅಂತ ಬಿಟ್ಟೆ."

ಒಂದು ಜಾಗದಲ್ಲಿ ಇಬ್ಬರೂ ಸತ್ಯ ಕಂಡು, ಇಬ್ಬರೂ ಮರ್ಯಾದೆಗೆ ಬಿದ್ದು ಮುಚ್ಚಿಟ್ಟಿದ್ದರು. ಇಂಥ ಮರ್ಯಾದೆಗೆ ಬೆಂಕಿ ಹಾಕ.

"ಈಗ ಸಿಕ್ಕಿದ್ದು ಎಲ್ಲಿ?" ಎಂದು ಕೇಳಿದರು ರಾಬಿಯಮ್ಮ.

ಮಾಷ್ಟ್ರು ಹೇಳಿದರು. ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಆಕೆ ಬಸ್ಸಿಗೆ ಕಾದದ್ದು ಆ ಕಲ್ಲಿನ ಮೇಲೆ. ಉಸ್ಮಾನ್ ಹೊಟ್ಟೆಯಲ್ಲಿದ್ದಾಗ ಆಸ್ಪತ್ರೆಗೆ ಹೊರಟದ್ದು ಅಲ್ಲಿಂದ, ಅವನು ದಮಾಮಿಗೆ ಹೋದಾಗ ಬಸ್ಸು ಮರೆಯಾಗುವವರೆಗೆ ನೋಡುತ್ತ ಕೂತದ್ದು ಅಲ್ಲಿ. ಗಂಡನ ಮೇಲೆ ಸಿಟ್ಟು ಬಂದಾಗಲೂ ಹೋಗಿ ಕೂರುತ್ತಿದ್ದದ್ದು ಅಲ್ಲೇ.

"ನಡೀರಿ" ಎಂದು ಎದ್ದರು.

ಅವತ್ತು ಸಂಜೆ ರಾಬಿಯಮ್ಮ ಬಸ್ ಸ್ಟಾಪಿಗೆ ಬಂದರು. ಚಪ್ಪಡಿಯ ಪಕ್ಕ ಕುರ್ಚಿ ಹಾಕಿಸಿ, ಕಡಲಿನ ಕಡೆಗೆ ಮುಖ ಮಾಡಿ ನಮಾಜು ಮಾಡಿದರು. ಬಲಗೈ ಕಡೆ ಮಗನ ಅಂಗಡಿಯಿತ್ತು. ಬಸ್ಸೊಂದು ಬಂದು ಕಂಡಕ್ಟರ್ "ಕಾರ್ಕಳ, ಕಾರ್ಕಳ" ಎಂದು ಕೂಗಿದ, ಆಕೆ ಕದಲಲಿಲ್ಲ. ಮುಗಿಸಿ ಎದ್ದವರನ್ನು ಉಸ್ಮಾನ್ ಎಂದಿನಂತೆ ಚಪ್ಪಡಿಯ ಮೇಲೆ ಕೂರಿಸಲು ಹೋದ. ಕೈ ಕೊಡವಿಕೊಂಡರು.

"ಇದು ಕೂರುವ ಕಲ್ಲು ಅಲ್ಲ. ಅಂಗಡಿಯಲ್ಲಿ ಒಣಮೀನು ಉಂಟಾ?"

"ಉಂಟು."

"ಒಂದು ಚೀಲ ತುಂಬಿಸಿ ಕೊಡು."

ಉಸ್ಮಾನ್ ಕೊಟ್ಟ. ಮಾಷ್ಟ್ರು ಸ್ವಲ್ಪ ಗಾಳಿಯ ಆಚೆ ಕಡೆಗೆ ಸರಿದು ನಿಂತರು, ಅವರ ಮನೆಯಲ್ಲಿ ಮೀನಿನ ವಾಸನೆಗೂ ಅಭ್ಯಾಸವಿಲ್ಲ. ರಾಬಿಯಮ್ಮ ಚೀಲವನ್ನು ಚಪ್ಪಡಿಯ ನಡುವೆ ಇಟ್ಟು, ಒಮ್ಮೆ ತಟ್ಟಿ, ಮನೆಯ ದಾರಿ ಹಿಡಿದರು.

"ಉಮ್ಮ, ಮೀನು!"

"ನಾಳೆ ಬಂದು ತೆಗೆದುಕೊಳ್ತೇನೆ. ಯಾರೂ ಮುಟ್ಟುವುದಿಲ್ಲ."

ಮಾಷ್ಟ್ರಿಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಕುಕ್ಕುದಡಿಯ ಬೆಕ್ಕುಗಳನ್ನು ಒಂದೊಂದಾಗಿ ನೆನಪಿಸಿಕೊಂಡರು. ಬೆಳಕು ಹರಿಯುತ್ತಲೇ, ಸೂರ್ಯನಿಗೆ ಅರ್ಧ ಕೈ ಮುಗಿದು ಹೊರಟರು.

ಮೊದಲ ಬಸ್ಸಿಗೆ ಜನ ಸೇರಿದ್ದರು. ಕಾಲೇಜು ಮಕ್ಕಳು, ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಹೆಂಗಸರು, ಟಿಫಿನ್ ಹಿಡಿದ ಗಾರೆಯವರು. ಎಲ್ಲರೂ ನಿಂತಿದ್ದರು. ಚಪ್ಪಡಿ ಖಾಲಿಯಿತ್ತು, ನಡುವೆ ಆ ಚೀಲ ಮಾತ್ರ. ಮಂಜು ಬೀಳಬಾರದೆಂದು ಉಸ್ಮಾನ್ ಅಂಗಡಿ ಮುಚ್ಚುವಾಗ ಮಾಷ್ಟ್ರು ಅಲ್ಲೇ ಬಿಟ್ಟುಹೋದ ಫ್ಲೆಕ್ಸನ್ನು ಮಡಚಿ ಅದಕ್ಕೆ ಹೊದಿಸಿದ್ದ. ನಕ್ಷೆ ಒಳಗಾಗಿ, ಶ್ರವಣ್ ಹಾಕಿದ ಎರಡು ದೀಪಗಳು ಮಾತ್ರ ಮೇಲೆ ಕಾಣುತ್ತಿದ್ದವು. ಅಡಿಯಲ್ಲಿ ಒಂದು ಕಂದು ಬೆಕ್ಕು ಕೂತು ಮೇಲೆ ನೋಡುತ್ತಿತ್ತು.

"ನಿಂತಿದ್ದೀರಲ್ಲ, ಕೂರಬಾರದಾ?" ಎಂದು ಮಾಷ್ಟ್ರು ಹತ್ತಿರದ ಹುಡುಗಿಯನ್ನು ಕೇಳಿದರು. ದೀಕ್ಷಿತಾ, ಅವರ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು.

"ಯಾರದ್ದೋ ಚೀಲ ಉಂಟಲ್ಲ ಸರ್. ಇಟ್ಟವರು ಬರ್ತಾರೆ."

ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಮಾಷ್ಟ್ರು ಕೇಳಿ ಖಾತ್ರಿ ಮಾಡಿಕೊಂಡರು.

ರಾಬಿಯಮ್ಮ ಬಂದರು. ಚಪ್ಪಡಿಯ ಅಂಚು ಸವರಿ, ಫ್ಲೆಕ್ಸ್ ಸರಿಸಿ, ಗಂಟಿನ ಮೇಲೆ ಕೈಯಿಟ್ಟು ನೋಡಿದರು. ಕಟ್ಟಿದ ಹಾಗೆಯೇ ಇತ್ತು. ಆಕೆ ಸೆರಗನ್ನು ಸುರುಳಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಚೀಲವನ್ನು ಎತ್ತಲು ಬಗ್ಗಿದರು. ಎತ್ತಲಾಗಲಿಲ್ಲ.

"ಬಾಪನ ಎದೆಯಷ್ಟು ಎತ್ತರ ಇತ್ತು. ಈಗ ಕಲ್ಲು ತಗ್ಗಾಗಿದೆ ಮಾಷ್ಟ್ರೇ."

ಬಸ್ಸು ಬಂದಿತ್ತು, ಎಲ್ಲರೂ ಹತ್ತುತ್ತಿದ್ದರು, ಉಸ್ಮಾನ್ ಇನ್ನೂ ಬಾಗಿಲು ತೆರೆದಿರಲಿಲ್ಲ. ಮಾಷ್ಟ್ರು ಪಂಚೆ ಎತ್ತಿ ಕಟ್ಟಿದರು. ಬಗ್ಗಿ, ಎರಡೂ ಕೈಯಲ್ಲಿ ಒಣಮೀನಿನ ಹೊರೆ ಎತ್ತಿ ರಾಬಿಯಮ್ಮನ ತಲೆಯ ಮೇಲಿಟ್ಟು, ಆಕೆಯ ಕುತ್ತಿಗೆ ನಿಲ್ಲುವವರೆಗೆ ಹಿಡಿದುಕೊಂಡರು.

"ಬಿಡಿ" ಎಂದರು ರಾಬಿಯಮ್ಮ. "ಇನ್ನು ನಾನು ಮನೆಗೆ ಮುಟ್ಟಿಸ್ತೇನೆ."